ಉತ್ತರಭಾಗವೇ ಮೇಲಾಗುವುದೇಕೆ?

ಮೊದಲನೆಯದೇ ಮೇಲು, ಎರಡನೆಯದು ಅದರ ನೆರಳು ಎಂಬ ಭಾವನೆ ಕಲೆಯ ವಿಷಯದಲ್ಲಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬಾಣಭಟ್ಟನು 'ಕಾದಂಬರಿ'ಯನ್ನು ಮುಗಿಸುವ ಮೊದಲೇ ತೀರಿಕೊಂಡನು. ಉಳಿದ ಕಥೆಯನ್ನು ಅವನ ಮಗನು ಪೂರೈಸಿದನು. ತಂದೆಯ ಪೂರ್ವಭಾಗಕ್ಕೆ ಮಗನ ಉತ್ತರಭಾಗವು ಸಮನಲ್ಲವೆಂದು ರಸಿಕರು ಹೇಳುತ್ತ ಬಂದಿದ್ದಾರೆ. ಚಲನಚಿತ್ರಗಳ ಮಾತೂ ಹೆಚ್ಚು ಬೇರೆಯಲ್ಲ. ಜನ ಮೆಚ್ಚಿದ ಒಂದು ಚಿತ್ರಕ್ಕೆ ಎರಡನೆಯ ಭಾಗ ಬರುತ್ತದೆಂದು ಕೇಳಿದಾಗ ಸಂತೋಷಕ್ಕಿಂತ ಮೊದಲು ನಮಗೆ ಶಂಕೆಯೇ ಉಂಟಾಗುತ್ತದೆ.

ವಿಡಿಯೊ ಆಟಗಳ ಲೋಕದಲ್ಲಿ ಮಾತ್ರ ಈ ನಿಯಮವು ಅನೇಕ ವೇಳೆ ತಲೆಕೆಳಗಾಗುತ್ತದೆ. ಅಲ್ಲಿ ಜನರ ನಾಲಗೆಯ ಮೇಲೆ ಉಳಿಯುವುದು ಎರಡನೆಯ ಆಟದ ಹೆಸರು; ಮೊದಲನೆಯದನ್ನು ಕಂಡವರು ವಿರಳ. ಇದು ಏಕೆ ಹೀಗೆ? ಈ ಆಟಗಳು ಹುಡುಗರ ಹೊತ್ತುಗಳೆಯುವ ಸಾಧನವೆಂದು ಹಿರಿಯರು ಕಡೆಗಣಿಸುವುದುಂಟು. ಆದರೆ ಈ ಒಂದು ಪ್ರಶ್ನೆಯನ್ನು ಬೆನ್ನುಹತ್ತಿ ಹೋದರೆ ಯಂತ್ರಕ್ಕೂ ಮನುಷ್ಯನಿಗೂ ಇರುವ ಸಂಬಂಧದ ಬಗೆಗೆ ಗಂಭೀರವಾದ ಪಾಠವೊಂದು ದೊರೆಯುತ್ತದೆಂಬುದು ನಮ್ಮ ಅಭಿಪ್ರಾಯ.

ಕಥೆಯೆಂಬುದು ಕೇಳಿದೊಡನೆ ತೀರಿಹೋಗುವ ವಸ್ತು. ಅದರ ಕುತೂಹಲವು ಮೊದಲ ಸಾರಿಗೇ ಬಹುಮಟ್ಟಿಗೆ ವ್ಯಯವಾಗುತ್ತದೆ. ಎರಡನೆಯ ಭಾಗವು ಬರಿದಾದ ಪಾತ್ರೆಯನ್ನು ಮತ್ತೆ ತುಂಬಬೇಕಾಗುತ್ತದೆ. ಆಟವು ಹಾಗಲ್ಲ. ಅದರಲ್ಲಿ ಕಥೆ ಇರಬಹುದು, ಚಿತ್ರ ಇರಬಹುದು, ಸಂಗೀತ ಇರಬಹುದು. ಆದರೆ ಅದರ ಜೀವಾಳವು ಒಂದು ಯಂತ್ರರಚನೆ. ಆಟಗಾರನ ಬೆರಳು ಒಂದು ತುದಿಯಲ್ಲಿ, ತೆರೆಯ ಮೇಲಿನ ಚಲನೆ ಇನ್ನೊಂದು ತುದಿಯಲ್ಲಿ. ಇವೆರಡನ್ನೂ ಜೋಡಿಸುವ ನಿಯಮಗಳ ಸಮೂಹವೇ ಆಟ. ಯಂತ್ರವನ್ನು ಯಾರೂ ಮೊದಲ ಪ್ರಯತ್ನದಲ್ಲೇ ಪೂರ್ಣಗೊಳಿಸಿದವರಿಲ್ಲ. ನ್ಯೂಕಾಮೆನ್ 1712ರಲ್ಲಿ ನಿಲ್ಲಿಸಿದ ಉಗಿಯಂತ್ರವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಣಿಗಳಿಂದ ನೀರೆತ್ತಿತು. ಅದರ ಸಣ್ಣ ಮಾದರಿಯೊಂದು 1763ರ ಸುಮಾರಿಗೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ರಿಪೇರಿಗಾಗಿ ಜೇಮ್ಸ್ ವಾಟ್‌ನ ಕೈಗೆ ಬಂದಾಗಲೇ, ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಿ ತಣಿಸುವುದರಲ್ಲಿ ಎಷ್ಟು ಉಗಿ ವ್ಯರ್ಥವಾಗುತ್ತದೆಂಬುದು ಅವನಿಗೆ ಹೊಳೆಯಿತು. ದುಡಿಯುವ ಯಂತ್ರವು ಎದುರಿಗಿಲ್ಲದಿದ್ದರೆ ಆ ದೋಷವು ಕಾಣುತ್ತಿರಲಿಲ್ಲ. ವಿಡಿಯೊ ಆಟದ ಉತ್ತರಭಾಗವೂ ಈ ಜಾತಿಯದು.

ಉದಾಹರಣೆಗೆ ಜಪಾನಿನ ಕ್ಯಾಪ್ಕಾಂ ಕಂಪನಿಯ 'ಸ್ಟ್ರೀಟ್ ಫೈಟರ್' ಎಂಬ ಆಟವನ್ನು ತೆಗೆದುಕೊಳ್ಳೋಣ. ಇದು 1987ರಲ್ಲಿ, ನಾಣ್ಯ ಹಾಕಿ ಆಡುವ ಯಂತ್ರದ ರೂಪದಲ್ಲಿ ಹೊರಬಂದಿತು. ಇಬ್ಬರು ಜಟ್ಟಿಗಳು ತೆರೆಯ ಮೇಲೆ ಎದುರುಬದುರು ನಿಂತು ಸೆಣಸುವುದು ಅದರ ವಸ್ತು. ಒಬ್ಬನೇ ಆಡುವಾಗ ಐದು ದೇಶಗಳ ಹತ್ತು ಮಂದಿ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಗೆಲ್ಲಬೇಕು. ಇಬ್ಬರು ಆಡುವುದಾದರೆ ಒಬ್ಬನು ರ್ಯೂ, ಇನ್ನೊಬ್ಬನು ಕೆನ್. ಬೇರೆ ಆಯ್ಕೆಯಿಲ್ಲ, ಮತ್ತು ಇಬ್ಬರ ಪಟ್ಟುಗಳೂ ಒಂದೇ. ಈ ಯಂತ್ರದ ದೊಡ್ಡ ಮಾದರಿಯಲ್ಲಿ ಒಂದು ವಿಚಿತ್ರ ಏರ್ಪಾಡಿತ್ತು. ಗುದ್ದಿಗೊಂದು, ಒದೆತಕ್ಕೊಂದು ಎಂದು ಅಗಲವಾದ ಎರಡು ಮೆತ್ತೆಗಳಿದ್ದವು. ಆಟಗಾರನು ಅವನ್ನು ಎಷ್ಟು ಬಲವಾಗಿ ಬಡಿಯುತ್ತಾನೆಂಬುದನ್ನು ಯಂತ್ರವು ಅಳೆದು, ತೆರೆಯ ಮೇಲಿನ ಏಟಿನ ಬಲವನ್ನು ಅದರಂತೆ ನಿರ್ಧರಿಸುತ್ತಿತ್ತು. ಕಲ್ಪನೆಯು ಸೊಗಸಾದದ್ದೇ, ಆದರೆ ತೋಳು ದಣಿದವನಿಗೆ ಆಟ ಸಾಗುವುದಿಲ್ಲ. ಆದಕಾರಣ ಇನ್ನೊಂದು ಮಾದರಿಯಲ್ಲಿ ಮೆತ್ತೆಗಳಿಗೆ ಬದಲಾಗಿ ಆರು ಗುಂಡಿಗಳು ಬಂದವು: ಗುದ್ದಿಗೆ ಮೂರು, ಒದೆತಕ್ಕೆ ಮೂರು, ಮೆಲ್ಲನೆಯದು, ಮಧ್ಯಮವಾದದ್ದು, ಬಲವಾದದ್ದು ಎಂದು.

ಈ ಆಟದಲ್ಲಿ ಗುಪ್ತವಾದ ಕೆಲವು ಪಟ್ಟುಗಳಿದ್ದವು. ಹಿಡಿಕೆಯನ್ನು ಕೆಳಕ್ಕೆ, ಬಳಿಕ ಓರೆಯಾಗಿ, ಬಳಿಕ ಮುಂದಕ್ಕೆ ಹೊರಳಿಸಿ ಗುಂಡಿಯನ್ನು ಒತ್ತಿದರೆ ಜಟ್ಟಿಯ ಅಂಗೈಗಳಿಂದ ಬೆಂಕಿಯುಂಡೆಯಂತಹ ಒಂದು ಗೋಳ ಚಿಮ್ಮುತ್ತಿತ್ತು. ಅಂತಹ ಕೆಲವೇ ಏಟುಗಳಿಗೆ ಎದುರಾಳಿ ನೆಲಕಚ್ಚುತ್ತಿದ್ದನು. ಆದರೆ ಯಂತ್ರವು ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ, ಹತ್ತು ಸಲ ಪ್ರಯತ್ನಿಸಿದವನಿಗೆ ಅದು ಒಂದೆರಡು ಸಲ ಒದಗಿದರೆ ಹೆಚ್ಚು. ತೆರೆಯ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರಗಳು ಬದಲಾಗುತ್ತವೆ. ಯಂತ್ರದ ಮಟ್ಟಿಗೆ ಕಾಲದ ಅಳತೆಯೂ ಅದೇ. ಸೆಕೆಂಡಿನ ಅರುವತ್ತನೆಯ ಒಂದು ಪಾಲನ್ನು ಗುರಿಹಿಡಿಯುವ ಶಕ್ತಿಯು ಮನುಷ್ಯನ ಹೆಬ್ಬೆರಳಿಗೆ ಸುಲಭವಾಗಿ ಬಂದದ್ದಲ್ಲ. ಹೀಗಾಗಿ ಆಟದ ಅತ್ಯಂತ ರಮ್ಯವಾದ ಭಾಗವು ಕೌಶಲಕ್ಕಿಂತ ಹೆಚ್ಚಾಗಿ ಅದೃಷ್ಟದ ಪಾಲಾಯಿತು.

'ಸ್ಟ್ರೀಟ್ ಫೈಟರ್' ಎರಡನೆಯದು 1991ರಲ್ಲಿ ಬಂದಿತು. ಅದರಲ್ಲಿ ಆದ ಬದಲಾವಣೆಗಳನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದೂ ಮೊದಲನೆಯದರ ಒಂದು ದೋಷಕ್ಕೆ ನೀಡಿದ ಉತ್ತರವೆಂಬುದು ತಿಳಿಯುತ್ತದೆ. ಮೆತ್ತೆಗಳು ಹೋದವು, ಆರು ಗುಂಡಿಗಳು ಉಳಿದವು. ಹಿಡಿಕೆಯ ಹೊರಳಿಕೆಯು ಹಾಗೆಯೇ ಉಳಿಯಿತು, ಆದರೆ ಯಂತ್ರವು ತುಸು ಉದಾರವಾಯಿತು. ಬೆರಳು ಕೊಂಚ ತಡವಾದರೂ ಆಟಗಾರನ ಉದ್ದೇಶವನ್ನು ಅದು ಗುರುತಿಸಿತು. ಇದು ಮೇಲುನೋಟಕ್ಕೆ ಅಲ್ಪವಾದ ತಿದ್ದುಪಡಿ. ಪರಿಣಾಮವು ಮಾತ್ರ ಅಲ್ಪವಲ್ಲ. ಅದೃಷ್ಟವಾಗಿದ್ದುದು ಅಭ್ಯಾಸದಿಂದ ಸಾಧಿಸಬಹುದಾದ ವಿದ್ಯೆಯಾಯಿತು. ವಿದ್ಯೆಯಾದೊಡನೆ ಕಲಿಯುವವರೂ ಕಲಿಸುವವರೂ ಹುಟ್ಟಿಕೊಂಡರು.

ಜಟ್ಟಿಗಳ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಸಾಕು. ಮೊದಲ ಆಟದಲ್ಲಿ ಇಬ್ಬರು ಗೆಳೆಯರು ಸೆಣಸಬಹುದಾದ ಜೋಡಿ ಒಂದೇ. ಎರಡನೆಯದರಲ್ಲಿ ಆರಿಸಿಕೊಳ್ಳಲು ಎಂಟು ಮಂದಿ ಇದ್ದರು. ಅವರಿಂದ 28 ಬೇರೆಬೇರೆ ಜೋಡಿಗಳಾಗುತ್ತವೆ. ಮರುವರ್ಷ, 1992ರಲ್ಲಿ ಬಂದ ಪರಿಷ್ಕೃತ ರೂಪದಲ್ಲಿ ಹನ್ನೆರಡು ಮಂದಿಯಾದರು, ಒಬ್ಬನೇ ಜಟ್ಟಿಯನ್ನು ಇಬ್ಬರೂ ಆರಿಸಿಕೊಳ್ಳುವ ಅವಕಾಶವೂ ಆಯಿತು. ಜೋಡಿಗಳು 78ಕ್ಕೆ ಏರಿದವು. ಒಬ್ಬನಿಗೆ ವೇಗ, ಒಬ್ಬನಿಗೆ ಬಲ, ಇನ್ನೊಬ್ಬನಿಗೆ ನೀಳವಾಗಿ ಚಾಚುವ ಕೈಕಾಲು. ಪಟ್ಟುಗಳ ನಡುವೆ ಒಂದು ಚಕ್ರವೂ ಏರ್ಪಟ್ಟಿತು. ಬೆಂಕಿಯುಂಡೆಯನ್ನು ಎಸೆಯುವವನ ಮೇಲೆ ಹಾರಿ ಬೀಳಬಹುದು. ಹಾರಿ ಬಂದವನನ್ನು ಮೇಲ್ಮುಖವಾದ ಗುದ್ದಿನಿಂದ ಕೆಡಹಬಹುದು. ಆ ಗುದ್ದು ಗುರಿತಪ್ಪಿದರೆ, ಹಾರದೆ ಸುಮ್ಮನೆ ಕಾದು ನಿಂತವನಿಗೆ ಅವನು ಸುಲಭವಾಗಿ ತುತ್ತಾಗುತ್ತಾನೆ. ಎಲ್ಲವನ್ನೂ ಗೆಲ್ಲುವ ಪಟ್ಟು ಇಲ್ಲದಿದ್ದುದರಿಂದ ಎದುರಿಗಿರುವವನ ಮನಸ್ಸನ್ನು ಓದುವುದೇ ಆಟವಾಯಿತು.

ಇಷ್ಟೆಲ್ಲವನ್ನೂ ಮೊದಲೇ ಯೋಚಿಸಬಹುದಾಗಿತ್ತಲ್ಲವೆ ಎಂದು ಓದುಗರು ಕೇಳಬಹುದು. ಸಾಧ್ಯವಿರಲಿಲ್ಲವೆಂದೇ ನಾವು ಭಾವಿಸುತ್ತೇವೆ. ಸೇತುವೆಯ ಭಾರವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಸಾವಿರಾರು ಅಪರಿಚಿತ ಬೆರಳುಗಳ ಅವಸರವನ್ನು, ತಪ್ಪನ್ನು, ಹಟವನ್ನು ಲೆಕ್ಕ ಹಾಕಲಾಗುವುದಿಲ್ಲ. ಆಟವನ್ನು ರಚಿಸಿದವನಿಗೆ ಅದರ ಗುಟ್ಟೆಲ್ಲ ಗೊತ್ತಿರುವುದರಿಂದ ಅವನ ಕೈಗೆ ಅದು ಸುಲಭವಾಗಿಯೇ ತೋರುತ್ತದೆ. ಗೊತ್ತಿಲ್ಲದವನ ಕೈಗೆ ಕೊಟ್ಟಾಗಲೇ ಪರೀಕ್ಷೆ. ಆ ಅರ್ಥದಲ್ಲಿ ಮೊದಲ ಆಟವು ಒಂದು ಪ್ರಯೋಗ. ಆಡಿದವರೆಲ್ಲರೂ, ತಮಗೆ ತಿಳಿಯದೆಯೇ, ಆ ಪ್ರಯೋಗದ ಸಹಾಯಕರು. ನಮ್ಮ ಗೃಹಿಣಿಯರಿಗೆ ಈ ತತ್ತ್ವ ಹೊಸದಲ್ಲ. ಕಾವಲಿಯ ಹದವನ್ನು ಹೇಳುವುದು ಮೊದಲ ದೋಸೆಯೇ.

ಎರಡನೆಯ ಆಟದಲ್ಲಿಯೂ ಯಾರೂ ಯೋಜಿಸದ ಒಂದು ಗುಣ ನುಸುಳಿತು. ಒಂದು ಏಟಿನ ಚಲನೆ ಮುಗಿಯುವ ಮೊದಲೇ ಅದನ್ನು ಕಡಿದು ಇನ್ನೊಂದಕ್ಕೆ ಜೋಡಿಸಿದರೆ ಎದುರಾಳಿಗೆ ತಡೆಯಲು ಬಿಡುವೇ ಸಿಗುತ್ತಿರಲಿಲ್ಲ. ನಡುವೆ ಬರುವ ಮೋಟಾರು ಕಾರನ್ನು ಒಡೆಯುವ ಪಂದ್ಯವನ್ನು ಪರೀಕ್ಷಿಸುವಾಗ ಇದು ಕಣ್ಣಿಗೆ ಬಿದ್ದಿತೆಂದು ತಯಾರಕರೇ ಹೇಳಿದ್ದಾರೆ. ಬಳಸುವವರು ವಿರಳವೆಂದು ಭಾವಿಸಿ ಅವರು ಅದನ್ನು ತೆಗೆಯದೆ ಬಿಟ್ಟರು. ಜನರು ಅದನ್ನೇ ಹಿಡಿದು ಸಾಧಿಸಿದರು; ಮುಂದೆ ಬಂದ ಇಂತಹ ಆಟಗಳಿಗೆಲ್ಲ ಅದು ತಳಹದಿಯಾಯಿತು. ಆಕಸ್ಮಿಕವು ಎಲ್ಲರಿಗೂ ಒದಗುತ್ತದೆ. ಅದನ್ನು ಗಮನಿಸಿ ಉಳಿಸಿಕೊಳ್ಳುವ ಕಣ್ಣು ಮಾತ್ರ ಒಮ್ಮೆ ಸೋತು ಕಲಿತವರಿಗೆ ಬರುತ್ತದೆ.

ಈ ಸುಧಾರಣೆಗೆಲ್ಲ ಹೊಸ ಯಂತ್ರಭಾಗಗಳೇ ಕಾರಣವಲ್ಲವೆ ಎಂಬ ಆಕ್ಷೇಪವುಂಟು. ಎರಡನೆಯ ಆಟಕ್ಕೆ ಹೆಚ್ಚು ಸಮರ್ಥವಾದ ವಿದ್ಯುನ್ಮಂಡಲಗಳು ದೊರೆತದ್ದು ನಿಜ. ಚಿತ್ರಗಳು ದೊಡ್ಡವಾದವು, ಬಣ್ಣಗಳು ತುಂಬಿಕೊಂಡವು. ಆದರೆ ಯಂತ್ರಶಕ್ತಿಯು ಅವಕಾಶವನ್ನಷ್ಟೇ ಕೊಡುತ್ತದೆ. ಏನನ್ನು ತಿದ್ದಬೇಕೆಂದು ಅದು ಹೇಳುವುದಿಲ್ಲ. ಕಷ್ಟವನ್ನು ಹೆಚ್ಚಿಸಿದ ಮಾತ್ರಕ್ಕೆ ಆಟ ಮೇಲಾಗುತ್ತದೆಂಬುದೂ ಸಲ್ಲದು. ಜಪಾನಿನದೇ ಆದ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ ಬ್ರದರ್ಸ್' 1985ರಲ್ಲಿ ಬಂದು ಲೋಕಪ್ರಿಯವಾಯಿತು. ಮರುವರ್ಷವೇ ಆ ದೇಶದಲ್ಲಿ ಅದರ ಎರಡನೆಯ ಭಾಗ ಹೊರಬಂದಿತು. ರೂಪವು ಬಹುಮಟ್ಟಿಗೆ ಹಳೆಯದೇ. ತಿಂದರೆ ಕೊಲ್ಲುವ ಅಣಬೆ, ನೆಗೆತವನ್ನು ಕೆಡಿಸುವ ಗಾಳಿ ಮುಂತಾದ ಕಾಟಗಳು ಮಾತ್ರ ಹೆಚ್ಚಾದವು. ಮೊದಲನೆಯದನ್ನು ಅರೆದು ಕುಡಿದವರಿಗೆ ಅದು ಸವಾಲಾಗಿರಬಹುದು. ಹೊಸಬರಿಗೆ ಅದು ಶಿಕ್ಷೆ. ಕಂಪನಿಯ ಅಮೆರಿಕದ ಶಾಖೆಯು ಅದನ್ನು ಆಗ ಮಾರಾಟಕ್ಕೆ ತರಲೇ ಇಲ್ಲ. ಬೇರೆಯೊಂದು ಆಟವನ್ನು ಮಾರ್ಪಡಿಸಿ 1988ರಲ್ಲಿ ಅದೇ ಹೆಸರಿನಿಂದ ಹೊರತಂದಿತು. ಉತ್ತರಭಾಗವು ತಾನಾಗಿಯೇ ಮೇಲಾಗುವುದಿಲ್ಲ. ಹಿಂದಿನದರ ಕೊರತೆ ಎಲ್ಲಿತ್ತೆಂದು ಕೇಳಿದ ಉತ್ತರಭಾಗ ಮಾತ್ರ ಮೇಲಾಗುತ್ತದೆ.

ಆ ಪ್ರಶ್ನೆಯನ್ನು ಕೈಬೆರಳುಗಳ ವಿಷಯದಲ್ಲಿ ಕೇಳಿದವರು ಬೇರೆ ವಿಷಯಗಳಲ್ಲಿ ಕೇಳದೆ ಹೋಗಬಹುದು. ಎರಡನೆಯ 'ಸ್ಟ್ರೀಟ್ ಫೈಟರ್'ನಲ್ಲಿ ಭಾರತದ ಪ್ರತಿನಿಧಿಯಾಗಿ ಧಾಲ್ಸಿಂ ಎಂಬವನಿದ್ದಾನೆ: ಕೊರಳಲ್ಲಿ ತಲೆಬುರುಡೆಗಳು, ಬಾಯಲ್ಲಿ ಬೆಂಕಿ, ರಬ್ಬರಿನಂತೆ ಉದ್ದವಾಗುವ ಕೈಕಾಲು, ಇವೆಲ್ಲಕ್ಕೂ ಯೋಗವೆಂಬ ಹೆಸರು! ಆಟದ ಯಂತ್ರರಚನೆಯಲ್ಲಿ ಅವನು ಜಾಣ್ಮೆಯ ಸೃಷ್ಟಿ. ದೂರದಿಂದ ಹೊಡೆಯುವವನೊಬ್ಬನು ಇದ್ದುದರಿಂದಲೇ ಆಟದ ಸಮತೂಕಕ್ಕೆ ಬೆಲೆ ಬಂದಿತು. ಆದರೆ ಒಂದು ದೇಶದ ಚಿತ್ರವಾಗಿ ಅವನು ಅಗ್ಗದ ಕಲ್ಪನೆಯಿಂದ ಮೇಲೇಳಲಿಲ್ಲ. ಸುಧಾರಣೆಯೆಂಬುದು ಪರೀಕ್ಷೆಗೆ ಒಡ್ಡಿದ ಅಂಶಗಳಲ್ಲಿ ಮಾತ್ರ ನಡೆಯುತ್ತದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇನ್ನು ಕೀರ್ತಿಯ ಮಾತು. ಮೊದಲ ಆಟವನ್ನು ನಿರ್ದೇಶಿಸಿದ ತಕಾಶಿ ನಿಶಿಯಾಮಾ ಅವರು ಎರಡನೆಯದು ತಯಾರಾಗುವ ಮೊದಲೇ ಕ್ಯಾಪ್ಕಾಂ ಅನ್ನು ಬಿಟ್ಟು ಇನ್ನೊಂದು ಕಂಪನಿಯನ್ನು ಸೇರಿದ್ದರು. ಉತ್ತರಭಾಗವನ್ನು ರೂಪಿಸಿದವರು ಅಕಿರಾ ನಿಶಿತಾನಿ, ಅಕಿರಾ ಯಸುದಾ ಮೊದಲಾದವರು. ಇವರಿಗೆ ಸಂದ ಪ್ರಶಂಸೆ ನ್ಯಾಯವಾದದ್ದೇ. ಆದರೆ ಆರು ಗುಂಡಿ, ಹಿಡಿಕೆಯ ಹೊರಳಿಕೆ, ಬೆಂಕಿಯುಂಡೆ, ರ್ಯೂ, ಕೆನ್ ಇವೆಲ್ಲವೂ ಮೊದಲ ಆಟದಿಂದ ಬಂದ ಆಸ್ತಿ. ಆ ಆಟವು ಸೋತ ಸ್ಥಳಗಳೂ ಆಸ್ತಿಯೇ. ಮುಂದಿನವರು ಅಡಿಯಿಟ್ಟು ನಡೆದದ್ದು ಆ ಸೋಲುಗಳ ಮೇಲೆ. ಮೊದಲನೆಯದನ್ನು ಇಂದು ಆಡಿ ನಗುವವರು ಮೆಟ್ಟಿಲನ್ನು ಹತ್ತಿ ಬಂದು ಮೆಟ್ಟಿಲನ್ನೇ ಹಳಿಯುವವರಂತೆ.

ಈ ಮೆಟ್ಟಿಲು ಉಳಿಯುವುದೆ ಎಂಬುದೇ ನಮ್ಮ ಚಿಂತೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಕೊಳ್ಳಲು ದೊರೆಯುತ್ತಿರಲಿಲ್ಲ. ಹಳೆಯ ಪುಸ್ತಕದ ಮೊದಲ ಮುದ್ರಣವನ್ನು ಗ್ರಂಥಾಲಯವು ಕಾಪಾಡುತ್ತದೆ. ಹಳೆಯ ಆಟವು ಹಾಗೆ ಉಳಿಯುವುದು ಕಷ್ಟ. ಅದನ್ನು ಓಡಿಸುವ ಯಂತ್ರ ಕೆಟ್ಟರೆ ಅದೂ ಹೋದಂತೆ. ಮೊದಲ 'ಸ್ಟ್ರೀಟ್ ಫೈಟರ್' 2018ರಲ್ಲಿ ಒಂದು ಸಂಕಲನದಲ್ಲಿ ಸೇರಿ ಮತ್ತೆ ಜನರಿಗೆ ದೊರೆಯಿತು, ಸಂತೋಷ. ಆದರೆ ಬಡಿದು ಆಡುವ ಆ ಮೆತ್ತೆಗಳನ್ನು ಯಾವ ಸಂಕಲನವೂ ಮನೆಗೆ ತಂದುಕೊಡಲಾರದು. ಅವು ಏಕೆ ಸೋತವೆಂದು ಮುಂದಿನವರು ತಿಳಿಯಬೇಕಾದರೆ ಅವನ್ನು ಒಮ್ಮೆ ಬಡಿದು ತೋಳು ನೋಯಿಸಿಕೊಳ್ಳಬೇಕು.

ಉತ್ತರಭಾಗವನ್ನು ಮನಸಾರೆ ಮೆಚ್ಚೋಣ. ಅದು ಮೇಲೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಆದರೆ ಎಷ್ಟು ಮೇಲೆಂದು ಅಳೆಯಲು ಪೂರ್ವಭಾಗವು ಪಕ್ಕದಲ್ಲಿರಬೇಕು. ಅಳತೆಗೋಲನ್ನು ಎಸೆದವರಿಗೆ ತಾವು ಬೆಳೆದೆವೋ ಇಲ್ಲವೋ ಎಂಬುದು ತಿಳಿಯುವ ದಾರಿಯೇ ಇರುವುದಿಲ್ಲ.