ಅಕ್ಷರ ಕಳೆದುಹೋದದ್ದು ಎಲ್ಲಿ?

ಕಾಲೇಜಿನವರು ಅನುಮತಿ ಕೊಟ್ಟರೆ, ಹುಣಸೂರಿನ ಮನೆಯಲ್ಲಿ ಕುಳಿತೇ ಮೈಸೂರಿನ ಲ್ಯಾಬಿನ ಲಿನಕ್ಸ್ ಯಂತ್ರಕ್ಕೆ ಸಂಪರ್ಕ ಪಡೆದು, ಅಲ್ಲಿರುವ ನಕ್ಷೆಯ ತಂತ್ರಾಂಶವನ್ನು ನಡೆಸಬಹುದು. ಆಗ ಕೆಲವೊಮ್ಮೆ ವಿಚಿತ್ರ ತೊಂದರೆಯೊಂದು ಎದುರಾಗುತ್ತದೆ. ನಕ್ಷೆಯ ಗೆರೆಗಳೆಲ್ಲ ಸರಿಯಾಗಿವೆ, ಇಂಗ್ಲಿಷ್ ಅಕ್ಷರಗಳೂ ಇವೆ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದಿರಬೇಕಾದ ಕಡೆ ಮಾತ್ರ ಖಾಲಿ ಚೌಕಗಳ ಸಾಲು! ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಿದೆ. ಮಗಳು ಮನೆಯ ಕಂಪ್ಯೂಟರಿಗೆ ಒಂದಾದ ಮೇಲೊಂದು ಕನ್ನಡ ಫಾಂಟ್ ತುಂಬುತ್ತಾಳೆ, ಚೌಕಗಳು ಕದಲುವುದಿಲ್ಲ. ಯಂತ್ರ ಹಳೆಯದಾಯಿತೇನೋ ಎಂದು ಅಪ್ಪ ಹೊಸದರ ಬೆಲೆ ವಿಚಾರಿಸುತ್ತಾರೆ.

ಖರ್ಚಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಕ್ಷರದ ರೂಪ ತಯಾರಾಗುವುದು ಯಾವ ಯಂತ್ರದಲ್ಲಿ?

ತಂತ್ರಾಂಶ ಒಂದು ಕಡೆ ನಡೆದು ಅದರ ಚಿತ್ರ ಇನ್ನೊಂದು ಕಡೆ ಮೂಡುವಂತೆ ಮಾಡುವ ‘ಎಕ್ಸ್ ವಿಂಡೋ’ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಅದರ ಹಳೆಯ ಪದ್ಧತಿಯಲ್ಲಿ ದೂರದ ತಂತ್ರಾಂಶ ‘ಇಂಥ ಫಾಂಟಿನಲ್ಲಿ ಇಂಥ ಅಕ್ಷರ ಬರೆ’ ಎಂದು ಅಪ್ಪಣೆ ಕಳಿಸುತ್ತಿತ್ತು. ಕಣ್ಣೆದುರಿನ ಯಂತ್ರ ತನ್ನಲ್ಲಿದ್ದ ಫಾಂಟನ್ನು ಬಳಸಿ ಬರೆಯುತ್ತಿತ್ತು. 2000ದ ದಶಕದಲ್ಲಿ ‘ಫಾಂಟ್‌ಕಾನ್ಫಿಗ್’ ಬಳಕೆಗೆ ಬಂದ ಮೇಲೆ ಇದು ತಿರುಗುಮುರುಗಾಯಿತು. ಈಗ ಬಹುತೇಕ ತಂತ್ರಾಂಶಗಳು ತಾವು ನಡೆಯುವ ಯಂತ್ರದಲ್ಲೇ ಅಕ್ಷರಗಳನ್ನು ರೂಪಿಸಿ, ಅವುಗಳ ಚಿತ್ರವನ್ನಷ್ಟೇ ಕಳಿಸುತ್ತವೆ. ಅಡುಗೆ ಮೈಸೂರಿನಲ್ಲಿ ಆಗುತ್ತಿರುವಾಗ ಹುಣಸೂರಿನ ಡಬ್ಬಿಗೆ ಉಪ್ಪು ತುಂಬಿದರೆ ಸಾರಿಗೆ ರುಚಿ ಬಂದೀತೆ?

ಆದ್ದರಿಂದ ಮದ್ದು ದೂರದ ಯಂತ್ರಕ್ಕೇ ಆಗಬೇಕು. ಅಲ್ಲಿ ‘ಎಫ್‌ಸಿ-ಲಿಸ್ಟ್’ ಎಂಬ ಆದೇಶ ಕೊಟ್ಟರೆ ಇರುವ ಫಾಂಟುಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡದ್ದು ಒಂದೂ ಇಲ್ಲವೆಂದರೆ ರೋಗ ಸಿಕ್ಕಿತು. ‘ನೋಟೊ ಸ್ಯಾನ್ಸ್ ಕನ್ನಡ’, ‘ಲೋಹಿತ್ ಕನ್ನಡ’ ಎರಡೂ ಉಚಿತ ಫಾಂಟುಗಳು. ಅಲ್ಲಿ ತನಗೆ ಮೀಸಲಾದ ಜಾಗದಲ್ಲಿ ‘.ಲೋಕಲ್/ಶೇರ್/ಫಾಂಟ್ಸ್’ ಎಂಬ ಫೋಲ್ಡರಿನೊಳಗೆ ಒಂದನ್ನು ಇಟ್ಟು, ‘ಎಫ್‌ಸಿ-ಕ್ಯಾಶ್’ ಆದೇಶ ಕೊಟ್ಟು, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. (ಈ ಹೆಸರುಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪಿಸಬೇಕು.) ಇದಕ್ಕೆ ಲ್ಯಾಬಿನ ಮುಖ್ಯಸ್ಥರ ಪಾಸ್‌ವರ್ಡ್ ಬೇಕಿಲ್ಲ, ಕಾಸೂ ಬೇಕಿಲ್ಲ.

ಹಳೆಯ ಕಾಲದ ತಂತ್ರಾಂಶವಾಗಿದ್ದು, ಫಾಂಟ್ ತೆರೆಯಲಾಗಲಿಲ್ಲ ಎಂಬ ದೂರು ಪರದೆಯ ಮೇಲೆ ಬಂದರೆ ಮಾತ್ರ ಮನೆಯ ಯಂತ್ರವನ್ನು ನೋಡಬೇಕು.

ಚೌಕಗಳ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ? ಅದು ಬೇರೆ ಕಾಯಿಲೆ. ಊರಿನ ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಸಂಕೇತದಲ್ಲಿ ಟೈಪಿಸಿರಬಹುದು. ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ನೋಟೊ ಹಾಕಿದರೂ ಫಲವಿಲ್ಲ.

ಚೌಕವೋ, ಕಲಸುಮೇಲೋಗರವೋ ಎಂದು ಮೊದಲು ನೋಡಿ, ತಂತ್ರಾಂಶ ನಡೆಯುವುದು ಎಲ್ಲಿ ಎಂದು ಕೇಳಿಕೊಂಡರೆ ಅರ್ಧ ಗಂಟೆಯ ಕೆಲಸ. ಹೊಸ ಕಂಪ್ಯೂಟರಿಗೆಂದು ತೆಗೆದಿಟ್ಟ ಹಣ ಮುಂದಿನ ವರ್ಷದ ಫೀಸಿಗಾದೀತು.