ಕಪಾಳಮೋಕ್ಷವೇ ಸಾಕ್ಷ್ಯವಾದಾಗ

ಇತ್ತೀಚೆಗೆ ಹಿರಿಯೂರಿನ ಬಂಧುವೊಬ್ಬರ ಮನೆಗೆ ಹೋಗಿದ್ದಾಗ ಏಳು ವರ್ಷದ ಬಾಲಕನೊಬ್ಬ ಅಡುಗೆಮನೆಯ ಬಾಗಿಲನ್ನು ಒದೆಯುತ್ತಿದ್ದ. ಏಕೆಂದು ವಿಚಾರಿಸಿದೆವು. ತಾನು ‘ಸಿಐಡಿ’ ಧಾರಾವಾಹಿಯ ದಯಾ ಎಂದ. ಬಾಗಿಲಾಚೆ ಅಡಗಿದ್ದ ತಂಗಿಯೇ ಕೊಲೆಗಾರ್ತಿ. ಬಾಗಿಲು ತೆರೆದೊಡನೆ ಅವಳ ಕೆನ್ನೆಗೊಂದು ಏಟು ಬಿತ್ತು, ಅವಳು ಅತ್ತಳು. ‘ಒಪ್ಪಿಕೊಂಡಳು’ ಎಂದು ಅಣ್ಣ ಘೋಷಿಸಿದ. ಹಿರಿಯರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಚಿತ್ರದುರ್ಗಕ್ಕೆ ಮರಳುವ ಬಸ್ಸಿನಲ್ಲಿ ಆ ನಗು ಉಳಿಯಲಿಲ್ಲ.

1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾದ ಈ ಧಾರಾವಾಹಿ 2018ರವರೆಗೆ ನಡೆದು, 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಬಾಗಿಲು ಒಡೆಯುವ ದಯಾನಂದ ಶೆಟ್ಟಿಯವರು ನಮ್ಮ ಉಡುಪಿ ಜಿಲ್ಲೆಯ ಕಟಪಾಡಿಯವರು. ನಿರ್ಮಾಪಕ ಬಿ.ಪಿ. ಸಿಂಗ್ ಅವರ ತಂಡವು 2004ರಲ್ಲಿ 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ದಾಖಲೆ ಸ್ಥಾಪಿಸಿತು. ಆ ಪರಿಶ್ರಮವನ್ನು ಮೆಚ್ಚಲೇಬೇಕು. ಮನೆಮಂದಿಯೆಲ್ಲ ಮುಜುಗರವಿಲ್ಲದೆ ಕುಳಿತು ನೋಡಬಹುದಾದ ಕಾರ್ಯಕ್ರಮವಿದು ಎಂಬ ಮಾತೂ ಬಹುಮಟ್ಟಿಗೆ ನಿಜ.

ಆದರೆ ಅದು ಮನಸ್ಸಿನಲ್ಲಿ ಬಿತ್ತುವುದೇನು? ಶಂಕಿತನನ್ನು ಕರೆತರಲಾಗುತ್ತದೆ. ಕೆನ್ನೆಗೊಂದು ಏಟು ಬೀಳುತ್ತದೆ. ಆತ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಹಿರಿಯ ಅಧಿಕಾರಿ ಅಲ್ಲಿಯೇ ಗಲ್ಲಿನ ಮಾತನಾಡುತ್ತಾರೆ. ಇಲ್ಲಿ ವಕೀಲನಿಲ್ಲ, ನ್ಯಾಯಾಧೀಶನಿಲ್ಲ, ವಿಚಾರಣೆಯಿಲ್ಲ. ಪೊಲೀಸರು ಹಿಡಿದವನೇ ಅಪರಾಧಿ, ಏಟಿಗೆ ಬಾಯಿಬಿಟ್ಟದ್ದೇ ಸತ್ಯ ಎಂಬ ಪಾಠವನ್ನು ವರ್ಷಗಟ್ಟಲೆ ನೋಡಿದವರಿಗೆ ನಿಜವಾದ ನ್ಯಾಯಾಲಯವು ಅಪರಾಧಿಗಳನ್ನು ರಕ್ಷಿಸುವ ಕಟ್ಟಡದಂತೆ ಕಾಣತೊಡಗಿದರೆ ಆಶ್ಚರ್ಯವಿಲ್ಲ.

ನಮ್ಮ ಕಾನೂನು ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಬ್ರಿಟಿಷರ 1872ರ ಸಾಕ್ಷ್ಯ ಕಾಯ್ದೆಯೇ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಏಟಿನ ಭಯಕ್ಕೆ ನಿರಪರಾಧಿಯೂ ತಪ್ಪೊಪ್ಪಿಕೊಂಡಾನು ಎಂಬ ಅನುಭವವೇ ಇದಕ್ಕೆ ಕಾರಣ. ಛಾಪಾ ಕಾಗದ ಹಗರಣದ ತೆಲಗಿಗೆ ಬೆಂಗಳೂರಿನಲ್ಲಿ ಮಂಪರು ಪರೀಕ್ಷೆ ನಡೆಸಿದಾಗ ಅದರ ದೃಶ್ಯಗಳು ಟಿವಿಯಲ್ಲಿ ಪ್ರಸಾರವಾದುದು ಅನೇಕರಿಗೆ ನೆನಪಿರಬಹುದು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಸಮ್ಮತಿಯಿಲ್ಲದೆ ಇಂತಹ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು.

ಧಾರಾವಾಹಿ ಕೇವಲ ಮನರಂಜನೆಯಲ್ಲವೇ ಎಂದು ಕೆಲವರು ಕೇಳಬಹುದು. 2024ರ ಜೂನ್ ತಿಂಗಳನ್ನು ನೆನೆಯೋಣ. ನಮ್ಮ ಚಿತ್ರದುರ್ಗದ ಯುವಕನೊಬ್ಬನ ಶವ ಬೆಂಗಳೂರಿನಲ್ಲಿ ಪತ್ತೆಯಾಯಿತು. ನಟಿಯೊಬ್ಬರಿಗೆ ಆತ ಅಶ್ಲೀಲ ಸಂದೇಶ ಕಳುಹಿಸಿದನೆಂಬ ಕಾರಣಕ್ಕೆ ಅವನನ್ನು ಕರೆದೊಯ್ದು ಹೊಡೆದು ಕೊಲ್ಲಲಾಯಿತು ಎಂಬುದು ಆರೋಪ. ನಟ ದರ್ಶನ್ ಸೇರಿದಂತೆ ಹಲವರ ಬಂಧನವಾಯಿತು. ಆರೋಪಿಗಳು ತಪ್ಪಿತಸ್ಥರೇ ಎಂಬುದನ್ನು ಹೇಳಬೇಕಾದುದು ನ್ಯಾಯಾಲಯ, ನಾವಲ್ಲ. ಆದರೆ ಆ ಯುವಕ ತಪ್ಪು ಮಾಡಿದ್ದನೆಂದೇ ಇಟ್ಟುಕೊಂಡರೂ, ಅದಕ್ಕೆ ದೂರು, ಠಾಣೆ, ಕೋರ್ಟು ಎಂಬ ದಾರಿಯಿತ್ತು. ಆ ದಾರಿಯನ್ನು ಬಿಟ್ಟು ಅವನನ್ನು ಶಿಕ್ಷಿಸಿದವರು ಯಾರೇ ಆಗಿರಲಿ, ತನಿಖೆ, ತೀರ್ಪು, ಶಿಕ್ಷೆ ಮೂರನ್ನೂ ತಾವೇ ಕೈಗೆತ್ತಿಕೊಂಡರು. ಅನಂತರ ವಾಹಿನಿಗಳು ಅದೇ ಸಾವನ್ನು ಧಾರಾವಾಹಿಯಂತೆ ದಿನಗಟ್ಟಲೆ ಬಿತ್ತರಿಸಿದವು. ಮಗನನ್ನು ಕಳೆದುಕೊಂಡ ಮನೆಯೊಂದು ಇದೇ ಊರಿನಲ್ಲಿದೆ ಎಂಬುದನ್ನು ನೋಡುತ್ತ ಕುಳಿತ ನಾವೂ ಮರೆತೆವು.

ಈ ಚಾಳಿಯ ಬೆಲೆ ಏನೆಂದು ನಮ್ಮ ಸಮುದಾಯಕ್ಕೆ ಬೇರೆಯವರು ಹೇಳಿಕೊಡಬೇಕಿಲ್ಲ. ಮೂಡಿಗೆರೆ ಮೂಲದ ವೈದ್ಯ ಮುಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅವರು ಬಂಧುವಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡು ಗ್ಲಾಸ್ಗೋ ದಾಳಿಯ ಜೀಪಿನಲ್ಲಿ ಸಿಕ್ಕಿತೆಂದು ಸರಕಾರಿ ವಕೀಲರು ಕೋರ್ಟಿಗೆ ತಿಳಿಸಿದರು. ಆದರೆ ಅದು ಸಿಕ್ಕದ್ದು ಅಲ್ಲಿಂದ ಬಹುದೂರದ ಲಿವರ್‌ಪೂಲ್‌ನಲ್ಲಿ! ಈ ಸತ್ಯವನ್ನು ಹೊರಗೆಡಹಿದವರು ಆಸ್ಟ್ರೇಲಿಯಾದ ಪತ್ರಕರ್ತರೇ. ಜುಲೈ 27ರಂದು ಆರೋಪ ಕೈಬಿಡಲಾಯಿತು. ಮುಂದಿನ ವರ್ಷ ಅಧಿಕೃತ ತನಿಖೆಯೂ ಅವರನ್ನು ನಿರ್ದೋಷಿಯೆಂದಿತು. ಒಂದೇ ಏಟಿಗೆ ತೀರ್ಮಾನವಾಗುವ ಕಂತು ಅದಾಗಿದ್ದರೆ ಹನೀಫ್ ಅವರ ಗತಿ ಏನಾಗುತ್ತಿತ್ತು?

ಆದರೆ ಇಲ್ಲಿ ನಾವು ಆತ್ಮಾವಲೋಕನವನ್ನೂ ಮಾಡಿಕೊಳ್ಳಬೇಕಾಗಿದೆ. ಬಂಧಿತನು ನಮ್ಮವನಾದರೆ ನಮಗೆ ಸಂವಿಧಾನ ನೆನಪಾಗುತ್ತದೆ. ಬೇರೆಯವನಾದರೆ ಕಪಾಳಮೋಕ್ಷವೇ ಸರಿಯೆನಿಸುತ್ತದೆ. ನಮ್ಮದೇ ಗಲ್ಲಿಯಲ್ಲಿ ಮೊಬೈಲು ಕದ್ದನೆಂದು ಶಂಕಿಸಿದ ಹುಡುಗನನ್ನು ಕಂಬಕ್ಕೆ ಕಟ್ಟಿದಾಗ ಬಿಡಿಸಲು ಹೋಗುವವರು ಎಷ್ಟು ಮಂದಿ? ನ್ಯಾಯವೆಂಬುದು ನಮಗೊಂದು, ಪರರಿಗೊಂದು ಆದರೆ ಅದು ನ್ಯಾಯವಲ್ಲ, ಬರೀ ಪಕ್ಷಪಾತ.

ಹಾಗೆಂದು ಟಿವಿಯನ್ನು ಮುಚ್ಚಿಡಿರೆಂದು ನಾವು ಹೇಳುತ್ತಿಲ್ಲ. ಮಕ್ಕಳ ಜೊತೆ ಕುಳಿತು ನೋಡಿರಿ, ಕಂತು ಮುಗಿದ ಮೇಲೆ ಐದು ನಿಮಿಷ ಮಾತನಾಡಿರಿ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅವರಿಗೆ ಹೇಳಿರಿ. ಬಾಗಿಲು ತೆರೆಯಲು ನಿರಾಕರಿಸಿದಾಗ ಒಡೆದು ಒಳನುಗ್ಗುವ ಅಧಿಕಾರ ಪೊಲೀಸರಿಗೆ ಉಂಟು. ಆದರೆ ಶೋಧಕ್ಕೆ ಪಂಚರಿರಬೇಕು, ಜಪ್ತಿಯ ಪಟ್ಟಿಯಾಗಬೇಕು, ಹೊಸ ಕಾನೂನಿನಂತೆ ಅದರ ವಿಡಿಯೊ ಚಿತ್ರೀಕರಣವೂ ನಡೆಯಬೇಕು ಎಂಬುದನ್ನು ತಿಳಿಸಿರಿ. ವಕೀಲರಿಗೆ ಹಣವಿಲ್ಲದವರಿಗೆ ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತಾಲ್ಲೂಕು ಸಮಿತಿಗಳಿವೆ. 15100 ಎಂಬ ಸಹಾಯವಾಣಿಯಿದೆ. ನಮ್ಮ ಮಸೀದಿ ಸಮಿತಿಗಳು, ಮಹಿಳಾ ಕೂಟಗಳು ವರ್ಷಕ್ಕೊಮ್ಮೆಯಾದರೂ ಒಬ್ಬ ವಕೀಲರನ್ನು ಕರೆಸಿ ಇದನ್ನು ಹೇಳಿಸಬಾರದೇಕೆ?

ಹಿರಿಯೂರಿನ ಆ ಬಾಲಕನ ತಪ್ಪೇನೂ ಇಲ್ಲ. ಅಂದು ತಂಗಿ ಅತ್ತದ್ದು ತಪ್ಪೊಪ್ಪಿಗೆಯಲ್ಲ, ನೋವು ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಹೇಳಬೇಕಾದ ಹಿರಿಯರಾದ ನಾವು ನಗುತ್ತಿದ್ದೆವು.