ಇಂಧನದ ಹೆಸರಿನಲ್ಲಿ ತೆರುವ ಹಣ



ಗಲ್ಫ್‌ನಿಂದ ಮನೆಯವರು ಊರಿಗೆ ಬರುವ ವಿಮಾನದ ಟಿಕೇಟನ್ನು ನೀವು ಎಂದಾದರೂ ಪೂರ್ತಿಯಾಗಿ ಓದಿದ್ದೀರಾ? ದಿನಾಂಕ, ಹೊತ್ತು, ಸಾಮಾನು ಎಷ್ಟು ಕಿಲೋ ಎಂಬಷ್ಟನ್ನೇ ನೋಡಿ ಮಡಚಿಡುವವರೇ ಹೆಚ್ಚು. ದರದ ವಿವರದಲ್ಲಿ ಕೆಲವೊಮ್ಮೆ ‘ವೈ.ಕ್ಯೂ.’ ಎಂಬ ಗುರುತಿರುತ್ತದೆ. ಇಂಧನದ ಹೆಚ್ಚುವರಿ ಶುಲ್ಕ ಸಾಮಾನ್ಯವಾಗಿ ವಸೂಲಾಗುವುದು ಅದರಡಿಯಲ್ಲಿ. ಅದನ್ನು ಸರಕಾರದ ತೆರಿಗೆಯೆಂದು ತಿಳಿದವರಿದ್ದಾರೆ. ಆದರೆ ಅದು ವಿಮಾನ ಕಂಪೆನಿಗೇ ಸೇರುವ ಹಣ.

ಇಂಧನ ದುಬಾರಿಯಾದಾಗ ದರ ಏರಿಸುವುದರಲ್ಲಿ ತಪ್ಪಿಲ್ಲ. 2008ರ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಅದೇ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗಿಳಿಯಿತು. ಹೀಗೆ ಇಳಿದಾಗ ಶುಲ್ಕವೂ ಇಳಿಯಬೇಕಲ್ಲವೇ? ‘ನಾವು ತೈಲದ ದರವನ್ನು ತಿಂಗಳುಗಳ ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ, ಇಳಿಕೆಯ ಲಾಭ ನಮಗೆ ಕೂಡಲೇ ಸಿಗದು’ ಎಂಬುದು ಕಂಪೆನಿಗಳ ಉತ್ತರ. ಅದರಲ್ಲಿ ಸತ್ಯಾಂಶವಿದೆ. ಆದರೆ ಹಾಗೆ ಗೊತ್ತು ಮಾಡಿಕೊಂಡವರಿಗೆ ಏರಿಕೆಯ ಬಿಸಿಯೂ ತಡವಾಗಿಯೇ ತಟ್ಟಬೇಕು. ಏರುವಾಗ ಇಂದಿನ ದರ, ಇಳಿಯುವಾಗ ನಿನ್ನೆಯ ದರ ಎಂದರೆ ಅದು ನ್ಯಾಯದ ಲೆಕ್ಕವಲ್ಲ.

ಈ ಶುಲ್ಕದಲ್ಲಿ ಮೋಸ ನಡೆದದ್ದೂ ಉಂಟು. 2004ರಿಂದ 2006ರ ನಡುವೆ ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಕಂಪೆನಿಗಳು ಇದರ ಬಗ್ಗೆ ಒಳಗೊಳಗೇ ಮಾತಾಡಿಕೊಂಡಿದ್ದವು. ಆ ಅವಧಿಯಲ್ಲಿ ದೂರಪ್ರಯಾಣದ ಹೋಗಿಬರುವ ಟಿಕೇಟಿನ ಶುಲ್ಕ 5 ಪೌಂಡಿನಿಂದ 60 ಪೌಂಡಿಗೇರಿತು. ಕೊನೆಗೆ ವರ್ಜಿನ್ ತಾನೇ ವಿಷಯವನ್ನು ಬಯಲು ಮಾಡಿ ದಂಡದಿಂದ ಪಾರಾಯಿತು. ಬ್ರಿಟಿಷ್ ಏರ್‌ವೇಸ್‌ಗೆ ಬ್ರಿಟನ್ನಿನಲ್ಲಿ 2012ರ ಅಂತಿಮ ಆದೇಶದಂತೆ 5.85 ಕೋಟಿ ಪೌಂಡ್ ದಂಡ ಬಿತ್ತು.

ಇಳಿಸುವುದು ಅಸಾಧ್ಯವೇನಲ್ಲ. ಇಂಡಿಗೊ 2023ರ ಅಕ್ಟೋಬರಿನಲ್ಲಿ ದೂರಕ್ಕೆ ತಕ್ಕಂತೆ 300ರಿಂದ 1,000 ರೂಪಾಯಿಯ ಇಂಧನ ಶುಲ್ಕ ಹಾಕಿತು. ಇಂಧನ ಅಗ್ಗವಾದಾಗ 2024ರ ಜನವರಿಯಲ್ಲಿ ಅದನ್ನು ತೆಗೆದುಹಾಕಿತು. ಹಾಕಿದ ಕಾರಣವನ್ನೂ ತೆಗೆದ ಕಾರಣವನ್ನೂ ಜನರಿಗೆ ತಿಳಿಸಿತು. ಆದರೆ ಶುಲ್ಕ ತೆಗೆದ ಮಾತ್ರಕ್ಕೆ ಒಟ್ಟು ದರ ಇಳಿದೇ ಇಳಿಯುತ್ತದೆ ಎನ್ನುವಂತಿಲ್ಲ. ಮೂಲ ದರವನ್ನು ಏರಿಸುವ ದಾರಿ ಕಂಪೆನಿಗೆ ಸದಾ ತೆರೆದಿರುತ್ತದೆ.

ಆದ್ದರಿಂದ ಸಹೋದರಿ, ‘ಮೂಲ ದರ ಕಡಿಮೆ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕೊನೆಯ ಮೊತ್ತವನ್ನೇ ಹೋಲಿಸಿ ನೋಡಿ. ಪ್ರಯಾಣ ರದ್ದಾದರೆ ನಮ್ಮ ದೇಶದ ನಿಯಮದಂತೆ ಕಂಪೆನಿ ಹೆಚ್ಚೆಂದರೆ ಮೂಲ ದರ ಮತ್ತು ಇಂಧನ ಶುಲ್ಕವನ್ನು ಹಿಡಿದುಕೊಳ್ಳಬಹುದು. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಲೇಬೇಕು. ಟಿಕೇಟಿನ ವಿವರವನ್ನು ಜೋಪಾನವಾಗಿಟ್ಟುಕೊಂಡು ಅದನ್ನು ಕೇಳಿ ಪಡೆಯಿರಿ. ಮನೆಯವರು ಮರಳುಗಾಡಿನ ಬಿಸಿಲಿನಲ್ಲಿ ದುಡಿದು ಕಳಿಸಿದ ಹಣವದು.